‘ಚಿಲ್ಲರೆ’ ಆಡಿದವರು ಇಲ್ಲಿ ಬನ್ನಿ: ಹುಬ್ಬಳ್ಳಿ-ಧಾರವಾಡ ಕಂಡಕ್ಟರ್ ಗೇಮ್ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ಚಿಲ್ಲರೆ_ಡೆವ್

ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಗೇಮ್ ‘ಚಿಲ್ಲರೆ’ಯನ್ನು ಇಚ್‌ನಲ್ಲಿ (ಸಣ್ಣ ಗೇಮ್‌ಗಳ ಆನ್‌ಲೈನ್ ಅಂಗಡಿ) ಮಾರಾಟಕ್ಕೆ ಬಿಟ್ಟಿದ್ದೇನೆ. ಬೆಲೆ ಮೂರು ಡಾಲರ್. ಗೇಮ್ ಬಾಯ್‌ಗೆ ಮಾಡಿದ್ದು. ಹೌದು, 1989ರಲ್ಲಿ ಬಂತಲ್ಲ, ಕೈಯಲ್ಲಿ ಹಿಡಿದು ಆಡುವ ಅದೇ ಬೂದು ಡಬ್ಬಿ. ಜಿಬಿ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ್ದೇನೆ. ಹಳೇ ಮಷೀನಿನಲ್ಲೂ ಓಡುತ್ತದೆ, ಈಗ ಸಿಗುವ ಚೀನಾ ಹ್ಯಾಂಡ್‌ಹೆಲ್ಡ್‌ಗಳಲ್ಲೂ ಓಡುತ್ತದೆ.

ಆಟ ಇಷ್ಟೇ. 1990ರ ದಶಕ. ನೀವು ಕಂಡಕ್ಟರ್. ಬಸ್ ಹುಬ್ಬಳ್ಳಿ ಬಿಟ್ಟು ಧಾರವಾಡಕ್ಕೆ ಹೊರಟಿದೆ. ಮುಂದಿನ ಸ್ಟೇಜ್ ಬರುವುದರೊಳಗೆ ಹತ್ತಿದವರಿಗೆಲ್ಲ ಟಿಕೆಟ್ ಹರಿದು, ಸರಿಯಾಗಿ ಚಿಲ್ಲರೆ ಕೊಡಬೇಕು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡಬಹುದು. ಆದರೆ ಅವರು ಇಳಿಯುವ ಮುಂಚೆ ತೀರಿಸಬೇಕು. ಮೂರು ಜನ ಜಗಳ ತೆಗೆದರೆ ಟ್ರಿಪ್ ಖತಂ.

ಹೊಗಳಿಕೆ ಮನೆಯಲ್ಲಿ ಬೇಕಾದಷ್ಟು ಸಿಕ್ಕಿದೆ. ಇಲ್ಲಿ ನೇರವಾಗಿ ಹೇಳಿ. ದೊಡ್ಡ ಅಪ್‌ಡೇಟ್ ಮಾಡುವ ಮುಂಚೆ ಎಲ್ಲಿ ಬೇಸರ ಬಂತು, ಎಲ್ಲಿ ಆಟ ಬಿಟ್ಟಿರಿ ಅಂತ ಗೊತ್ತಾಗಬೇಕು.

ಉಣಕಲ್_ಕ್ರಾಸ್

ತಗೊಂಡೆ. ಛಲೋ ಅದ. ಆದರೆ ನವನಗರ ಆದ ಮೇಲೆ ಉಣಕಲ್ ಬರುತ್ತದಲ್ಲ, ಇದು ಯಾವ ರೂಟ್ ಅಣ್ಣಾ? ಹುಬ್ಬಳ್ಳಿ ಕಡೆಯಿಂದ ಹೊರಟರೆ ಮೊದಲು ಉಣಕಲ್, ಆಮೇಲೆ ಭೈರಿದೇವರಕೊಪ್ಪ, ಆಮೇಲೆ ನವನಗರ. ಬೆಂಗಳೂರಿನವರು ಮಾಡಿದ್ದರೆ ಸುಮ್ಮನಿರುತ್ತಿದ್ದೆ.

ಚಿಲ್ಲರೆ_ಡೆವ್

ಅದು ಧಾರವಾಡದಿಂದ ವಾಪಸ್ ಬರುವ ಟ್ರಿಪ್ ಇರಬೇಕು ನೋಡಿ. ಎರಡನೇ ದಿನದಿಂದ ಎರಡೂ ಕಡೆ ಇದೆ.

ಉಣಕಲ್_ಕ್ರಾಸ್

ಹಂಗಾದರೆ ಮುಂದಿನ ಬೋರ್ಡ್ ಮೇಲೆ ಎಲ್ಲಿಗೆ ಹೊರಟಿದೆ ಅಂತ ಕಾಣಬೇಕಲ್ಲ. ಬೋರ್ಡ್ ಇಲ್ಲದ ಬಸ್ ಯಾರು ಹತ್ತುತ್ತಾರೆ?

ಮಾಳಮಡ್ಡಿ_ಪ್ಲೇಯರ್

ಪೂರ್ತಿ ಮುಗಿಸಿಯೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಛಲೋ ಇದ್ದದ್ದು ಹೇಳುತ್ತೇನೆ. ಟಿಕೆಟ್ ಹಿಂದೆ ಬಾಕಿ ಬರೆದುಕೊಡುವ ಆಟ ಇದೆಯಲ್ಲ, ಅದೊಂದಕ್ಕೇ ಮೂರು ಡಾಲರ್ ಕೊಡಬಹುದು. ನನ್ನ ಒಂದು ಟ್ರಿಪ್ ಕೇಳಿ. ವಿದ್ಯಾನಗರದಲ್ಲಿ ಒಬ್ಬರು ಹತ್ತಿ ಹತ್ತರ ನೋಟು ಚಾಚಿದರು. ಟಿಕೆಟ್ ಮೂರು ರೂಪಾಯಿ ನಾಕಾಣೆ. ಚೀಲದಲ್ಲಿ ಆರು ರೂಪಾಯಿ ಇದೆ, ಮೇಲಿನ ಹನ್ನೆರಡಾಣೆ ಇಲ್ಲ. ಇದ್ದ ರೂಪಾಯಿ ಕೊಟ್ಟು, ಬಾಕಿ ಬರೆದುಕೊಟ್ಟೆ. ಅವರು ಹಿಂದಿನ ಸೀಟಿಗೆ ಹೋಗಿ ಕೂತರು. ನವನಗರದಲ್ಲಿ ಬಸ್ ತುಂಬಿತು. ರಾಯಾಪುರದಲ್ಲಿ ಎಂಟಾಣೆ ಸಿಕ್ಕಿತು, ಇನ್ನೂ ನಾಕಾಣೆ ಬೇಕು. ಸತ್ತೂರು ಬರುವಷ್ಟರಲ್ಲಿ ಅದೂ ಸಿಕ್ಕಿತು. ಆದರೆ ನಾನು ಮುಂದಿನ ಬಾಗಿಲ ಹತ್ತಿರ ಇದ್ದೇನೆ, ಅವರು ಹಿಂದಿನ ಮೆಟ್ಟಿಲ ಮೇಲೆ ನಿಂತು ಟಿಕೆಟ್ ಮೇಲೆತ್ತಿ ಅಲುಗಾಡಿಸುತ್ತಿದ್ದಾರೆ. ಮಧ್ಯೆ ಮೂಟೆ, ಜನ. ಶೀಟಿ ಊದಿದರೆ ಬಸ್ ಹೊರಡುತ್ತದೆ, ಊದದಿದ್ದರೆ ಡ್ರೈವರ್ ಬೈಯುತ್ತಾನೆ. ಇಷ್ಟು ಸಣ್ಣ ಸ್ಕ್ರೀನಿನಲ್ಲಿ ಇಷ್ಟು ಟೆನ್ಷನ್ ನಾನು ನೋಡಿರಲಿಲ್ಲ.

ಈಗ ತಕರಾರು. ಈ ಮಜಾ ಶುರುವಾಗುವುದು ಮೂರನೇ ದಿನಕ್ಕೆ. ಅದಕ್ಕಿಂತ ಮುಂಚೆ ಕಥೆ, ಕಥೆ, ಕಥೆ. ಹೆಂಡತಿ ಜತೆ ಮಾತು, ಡಿಪೋ ಮ್ಯಾನೇಜರ್ ಜತೆ ಮಾತು, ಚಹಾದಂಗಡಿಯವನ ಜತೆ ಮಾತು. ಗೇಮ್ ಬಾಯ್ ಸ್ಕ್ರೀನ್ 160 ಅಡ್ಡ, 144 ಉದ್ದ. ಒಂದು ಡಬ್ಬಿಯಲ್ಲಿ ಎರಡು ಸಾಲು ಹಿಡಿಸುತ್ತೀರಿ, ಎ ಒತ್ತು, ಎರಡು ಸಾಲು, ಎ ಒತ್ತು. ಬರೆದದ್ದು ಕೆಟ್ಟದ್ದಲ್ಲ. ಚಹಾದಂಗಡಿಯವನ ಮಾತಿಗೆ ನಕ್ಕಿದ್ದೇನೆ ಕೂಡ. ಆದರೆ ಆ ಮಾತೆಲ್ಲ ಬಸ್ಸಿನೊಳಗೆ ಆಡಿಸಿ. ಮೊದಲನೇ ನಿಮಿಷಕ್ಕೇ ಕೈಗೆ ಚೀಲ ಕೊಟ್ಟುಬಿಡಿ. ಕಂಡಕ್ಟರ್ ಗೇಮ್ ಅಂತ ದುಡ್ಡು ಕೊಟ್ಟವನು ಮೊದಲು ಟಿಕೆಟ್ ಹರಿಯಬೇಕು, ಅಲ್ವಾ?

ಎರಡನೆಯದು ನಾಣ್ಯ. ನನ್ನ ಹತ್ತಿರ ಹಳೇ ಗೇಮ್ ಬಾಯ್ ಇದೆ, ಬ್ಯಾಕ್‌ಲೈಟ್ ಇಲ್ಲದ್ದು. ಅದರಲ್ಲಿ ಇರುವುದೇ ನಾಲ್ಕು ಛಾಯೆ. ನೀವು ಎಲ್ಲ ನಾಣ್ಯವನ್ನೂ ಒಂದೇ ಗುಂಡಗೆ ಬರೆದು, ನಡುವಿನ ಎರಡು ಛಾಯೆಯಲ್ಲಿ ಬಣ್ಣ ಹಚ್ಚಿ, ಒಳಗೆ ಸಣ್ಣ ಅಂಕಿ ಹಾಕಿದ್ದೀರಿ. ಸಂಜೆ ಬೆಳಕಿನಲ್ಲಿ ಒಂದು ರೂಪಾಯಿ ಯಾವುದು, ಎಂಟಾಣೆ ಯಾವುದು ದೇವರಿಗೇ ಗೊತ್ತು. ಆ ಕಾಲದ ನಾಣ್ಯಗಳನ್ನು ಒಮ್ಮೆ ನೆನೆಸಿಕೊಳ್ಳಿ. ಎರಡು ರೂಪಾಯಿಗೆ ಹನ್ನೊಂದು ಮೂಲೆ ಇತ್ತು. ಐದರ ನಾಣ್ಯ ದಪ್ಪ. 20 ಪೈಸೆ ಅಲ್ಯೂಮಿನಿಯಂದು, ಆರು ಮೂಲೆ. ಹಳೇ ಹತ್ತು ಪೈಸೆಗೆ ಅಂಚು ಹೂವಿನ ಎಸಳಿನ ಹಾಗೆ. ನಾಕಾಣೆ ಮೇಲೆ ಘೇಂಡಾಮೃಗ. ಕಂಡಕ್ಟರ್ ಚೀಲದೊಳಗೆ ನೋಡದೆ ಬೆರಳಲ್ಲೇ ಗುರುತು ಹಿಡಿಯುತ್ತಿದ್ದದ್ದು ಇದೇ ಆಕಾರದಿಂದ. ಆಕಾರ ಬೇರೆ ಬೇರೆ ಮಾಡಿದರೆ ಬಣ್ಣ ಬೇಕಾಗಿಯೇ ಇಲ್ಲ. ಅಂಕಿಯನ್ನೂ ತೆಗೆದುಬಿಡಿ.

ಇನ್ನೊಂದು. ಹೊಂಡ ಬಂದಾಗ ಸ್ಕ್ರೀನ್ ಅಲುಗಾಡಿಸುತ್ತೀರಿ. ರಸ್ತೆ ನೈಜವಾಗಿದೆ, ಅದಕ್ಕೆ ಪೂರ್ತಿ ಮಾರ್ಕು. ಆದರೆ ಹಳೇ ಎಲ್‌ಸಿಡಿ ಬಹಳ ನಿಧಾನ. ಅಲುಗಾಡಿದರೆ ಚಿತ್ರದ ಹಿಂದೆ ನೆರಳು ಎಳೆಯುತ್ತದೆ, ಎಲ್ಲ ಕಲಸಿಹೋಗುತ್ತದೆ. ಹೊಂಡಕ್ಕೆ ಒಮ್ಮೆ ‘ಧಡ್’ ಅಂದರೆ ಸಾಕು. ಅಥವಾ ಆಪ್ಷನ್‌ನಲ್ಲಿ ಆಫ್ ಮಾಡಲು ಬಿಡಿ.

ಚಿಲ್ಲರೆ_ಡೆವ್

ಸರ್, ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್. ನಾಣ್ಯದ ಆಕಾರ ಈ ವಾರವೇ ಶುರು ಮಾಡುತ್ತೇನೆ. ಕಥೆಯ ಬಗ್ಗೆ ಮಾತ್ರ ಸ್ವಲ್ಪ ಜಗಳ ಇದೆ. ಕಂಡಕ್ಟರ್‌ಗೆ ಚೀಲದ ದುಡ್ಡು ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗದಿದ್ದರೆ ಇದು ಬರೀ ಗಣಿತದ ಗೇಮ್ ಆಗುತ್ತದೆ.

ಮಾಳಮಡ್ಡಿ_ಪ್ಲೇಯರ್

ಗಣಿತದ ಗೇಮ್ ಆಗಲಿ ಬಿಡಿ, ಆಮೇಲೆ ಕಥೆ ಹೇಳಿ. ಸತ್ತೂರಿನಲ್ಲಿ ಮೆಟ್ಟಿಲ ಮೇಲೆ ನಿಂತವನ ಕಥೆ ನೀವು ಬರೆದಿರಲಿಲ್ಲ, ಆದರೂ ನನಗೆ ನೆನಪಿದೆ. ಡಿಪೋ ಮ್ಯಾನೇಜರ್ ಏನೆಂದ ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಹೆಕ್ಸ್_ಮಿರ್ಚಿ

ಬಗ್ ಸಿಕ್ಕಿದೆ, ದೊಡ್ಡದು. ಐದನೇ ದಿನ ಧಾರವಾಡ ಹತ್ತಿರ ಬರುತ್ತಿದ್ದಂತೆ ಚೀಲದ ಲೆಕ್ಕ ಮೈನಸ್ ಆಯಿತು. 327 ರೂಪಾಯಿ ಚಿಲ್ಲರೆ ಇತ್ತು, ಇನ್ನೊಂದು ಟಿಕೆಟ್ ಕೊಟ್ಟೆ, ಮೈನಸ್ 325! ಮ್ಯಾನೇಜರ್ ಬಂದು ಸಸ್ಪೆಂಡ್ ಮಾಡಿದ.

ಕಾರಣ ಊಹಿಸುತ್ತೇನೆ. ದುಡ್ಡನ್ನೆಲ್ಲ ಪೈಸೆಯಲ್ಲಿ ಒಂದೇ ವೇರಿಯಬಲ್‌ನಲ್ಲಿ (ಪ್ರೋಗ್ರಾಮಿನಲ್ಲಿ ಅಂಕಿ ಇಡುವ ಜಾಗ) ಇಟ್ಟಿದ್ದೀರಿ, ಹೌದಾ? ಜಿಬಿ ಸ್ಟುಡಿಯೋದಲ್ಲಿ ವೇರಿಯಬಲ್ 16 ಬಿಟ್. ಮೇಲಕ್ಕೆ 32767ರ ತನಕ ಹೋಗುತ್ತದೆ. ಅದು ದಾಟಿದರೆ ಸುತ್ತು ಹೊಡೆದು ಮೈನಸ್ 32768ಕ್ಕೆ ಬರುತ್ತದೆ. 32767 ಪೈಸೆ ಅಂದರೆ 327 ರೂಪಾಯಿ 67 ಪೈಸೆ. ಅಲ್ಲಿಗೆ ನಿಮ್ಮ ಕಂಡಕ್ಟರ್ ಗತಿ ಮುಗೀತು.

ಚಿಲ್ಲರೆ_ಡೆವ್

ಹೌದು, ಪೈಸೆಯಲ್ಲೇ ಇದೆ. ಏನು ಮಾಡಿದರೆ ಛಲೋ?

ಹೆಕ್ಸ್_ಮಿರ್ಚಿ

ಎರಡು ದಾರಿ. ಸುಲಭದ್ದು ಅಂದರೆ ನಾಕಾಣೆಯನ್ನೇ ‘ಒಂದು’ ಅಂತ ಎಣಿಸುವುದು. ಆಗ 8191 ರೂಪಾಯಿ 75 ಪೈಸೆಯ ತನಕ ಹಿಡಿಯುತ್ತದೆ. ಆದರೆ ಮಾಳಮಡ್ಡಿಯವರು ಹೇಳಿದ 20 ಪೈಸೆ, ಹತ್ತು ಪೈಸೆ ಎರಡೂ ಬಿಡಬೇಕು. ಐದು ಪೈಸೆ ಲೆಕ್ಕಕ್ಕೆ ಇಟ್ಟರೆ 1638 ರೂಪಾಯಿ 35 ಪೈಸೆಗೆ ನಿಲ್ಲುತ್ತದೆ. ಇನ್ನೊಂದು ದಾರಿ, ರೂಪಾಯಿಗೆ ಒಂದು ವೇರಿಯಬಲ್, ಪೈಸೆಗೆ ಇನ್ನೊಂದು. ಪೈಸೆ ನೂರು ಮುಟ್ಟಿದಾಗ ಅಥವಾ ದಾಟಿದಾಗ ರೂಪಾಯಿಗೆ ಒಂದು ಸೇರಿಸಿ, ಪೈಸೆಯಿಂದ ನೂರು ಕಳೆಯಬೇಕು. ಚಿಲ್ಲರೆ ಕೊಡುವಾಗ ಉಲ್ಟಾ. ಸ್ಕ್ರಿಪ್ಟ್ ಎರಡು ಕಡೆ ತಿದ್ದಬೇಕು ಅಷ್ಟೇ, ಆಮೇಲೆ ಚಿಂತೆಯಿಲ್ಲ.

ಉಣಕಲ್_ಕ್ರಾಸ್

20 ಪೈಸೆ ಇರಲಿ ಅಣ್ಣಾ! ನಮ್ಮ ಮನೆ ಡಬ್ಬಿಯಲ್ಲಿ ಇನ್ನೂ ಇವೆ.

ಹೆಕ್ಸ್_ಮಿರ್ಚಿ

ಡಬ್ಬಿಯಲ್ಲೇ ಇರಲಿ. ನಾಕಾಣೆಯನ್ನೂ ಅದಕ್ಕಿಂತ ಸಣ್ಣ ನಾಣ್ಯಗಳನ್ನೂ 2011ರ ಜೂನ್ 30ಕ್ಕೇ ಚಲಾವಣೆಯಿಂದ ತೆಗೆದಾಯಿತು.

ಬಗ್ ಇನ್ನೊಂದಿದೆ. ಬಸ್ ತುಂಬಿದಾಗ ಪ್ಯಾಸೆಂಜರ್‌ಗಳು ಮಾಯವಾಗುತ್ತಾರೆ. ನಿಮ್ಮ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲೇ ಗೇಮ್ ಬಾಯ್ ಆಟ ಓಡಿಸುವ ಸಾಫ್ಟ್‌ವೇರ್) ಸ್ಪ್ರೈಟ್, ಅಂದರೆ ಓಡಾಡುವ ಸಣ್ಣ ಚಿತ್ರಗಳ, ಮಿತಿ ತೆಗೆದುಹಾಕುವ ಸೆಟ್ಟಿಂಗ್ ಆನ್ ಇದ್ದರೆ ನಿಮಗೆ ಕಾಣುವುದಿಲ್ಲ, ಅದನ್ನೊಮ್ಮೆ ನೋಡಿ. ನಿಜವಾದ ಮಷೀನ್ ಒಂದು ಅಡ್ಡ ಗೆರೆಯಲ್ಲಿ ಹತ್ತೇ ಸ್ಪ್ರೈಟ್ ತೋರಿಸುತ್ತದೆ. ಸ್ಕ್ರೀನಿಗೆಲ್ಲ ಸೇರಿ 40. ನಿಮ್ಮ ಒಬ್ಬೊಬ್ಬ ಮನುಷ್ಯ 16 ಪಿಕ್ಸೆಲ್ ಅಗಲ, ಅಂದರೆ ಎರಡು ಸ್ಪ್ರೈಟ್. ಐದು ಜನ ಒಂದೇ ಸಾಲಿಗೆ ಬಂದರೆ ಕೋಟಾ ಮುಗೀತು. ಆ ಐದರಲ್ಲಿ ಕಂಡಕ್ಟರ್ ಕೂಡ ಒಬ್ಬ. ಹಾಗಾಗಿ ತುಂಬಿದ ಬಸ್ಸಿನಲ್ಲಿ ಆರನೆಯವರು ಟಿಕೆಟ್ ಇಲ್ಲದೆ ಧಾರವಾಡ ಮುಟ್ಟುತ್ತಾರೆ.

ಕೂತವರನ್ನು ಸ್ಪ್ರೈಟ್ ಮಾಡಬೇಡಿ. ಹಿನ್ನೆಲೆ ಚಿತ್ರದಲ್ಲೇ ಸೀಟಿನ ಜತೆ ಬರೆದುಬಿಡಿ. ಎದ್ದು ನಿಂತಾಗ ಆ ಜಾಗದ ಟೈಲ್ (ಹಿನ್ನೆಲೆಯ ಸಣ್ಣ ಚೌಕ) ಬದಲಿಸಿ, ಖಾಲಿ ಸೀಟು ಹಾಕಿ. ನಿಂತವರು, ನಡೆಯುವವರು ಮಾತ್ರ ಸ್ಪ್ರೈಟ್. ಒಂದು ದೃಶ್ಯಕ್ಕೆ 192 ಬೇರೆ ಬೇರೆ ಟೈಲ್ ಅಂತ ಮಿತಿ ಇದೆ, ಅದಕ್ಕೇ ಹತ್ತು ತರದ ಮುಖ ಬೇಡ, ನಾಲ್ಕು ಸಾಕು. ಬಸ್ಸಿನಲ್ಲಿ ಕೂತವರೆಲ್ಲ ಕಿಟಕಿ ಕಡೆಗೇ ಮುಖ ಮಾಡಿರುತ್ತಾರೆ, ಬೆನ್ನು ಬರೆದರೂ ನಡೆಯುತ್ತದೆ.

ಚಿಲ್ಲರೆ_ಡೆವ್

ಎಮ್ಯುಲೇಟರ್ ಸೆಟ್ಟಿಂಗ್ ನೋಡಿದೆ, ಆನ್ ಇತ್ತು. ಬೆನ್ನು ಬರೆಯುವ ಐಡಿಯಾ ಹಿಡಿಸಿತು.

ಗದಗ_ಡಿಟಿಪಿ

ನಾನು ಗೇಮ್ ಆಡುವವನಲ್ಲ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗೆ ಪುಟ ಕಟ್ಟಿಕೊಡುತ್ತೇನೆ. ನನ್ನ ತಮ್ಮ ಮೊಬೈಲ್‌ನಲ್ಲಿ ತೋರಿಸಿದ. ಕನ್ನಡ ಅಕ್ಷರ ನೋಡಿ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಊರಿನ ಬೋರ್ಡ್ ಮೇಲೆ ‘ಧಾರವಾಡ’ ಹೇಗೋ ಓದಬಹುದು. ಒತ್ತಕ್ಷರ ಒಂದೂ ಇಲ್ಲ ನೋಡಿ. ‘ಹುಬ್ಬಳ್ಳಿ’ಯಲ್ಲಿ ಎರಡು ಒತ್ತು. ನೀವು ಎಂಟು ಪಿಕ್ಸೆಲ್ ಎತ್ತರದಲ್ಲೇ ಅದನ್ನೂ ತುರುಕಿದ್ದೀರಿ. ಮೇಲಿನ ಬ, ಳ ಎರಡೂ ಕುಳ್ಳಗಾಗಿ, ಕೆಳಗಿನ ಒತ್ತು ಇರುವೆ ಕೂತ ಹಾಗೆ ಕಾಣುತ್ತದೆ. ಇಂಗ್ಲಿಷಿಗೆ ಎಂಟು ಪಿಕ್ಸೆಲ್ ಸಾಕು, ನಮಗೆ ಸಾಲುವುದಿಲ್ಲ. ಧಾರವಾಡದ ಧ ಕೂಡ ಪೂರ್ತಿ ಸರಿಯಿಲ್ಲ, ಹೊಟ್ಟೆಯ ಸೀಳು ಮುಚ್ಚಿಹೋಗಿ ದ ಆಗಿದೆ.

ಚಿಲ್ಲರೆ_ಡೆವ್

ಸರ್, ಗೇಮ್ ಬಾಯ್‌ನಲ್ಲಿ ಎಲ್ಲವೂ 8×8 ಟೈಲ್. ಸ್ಕ್ರೀನಿಗೆ ಅಡ್ಡ 20, ಉದ್ದ 18 ಟೈಲ್ ಹಿಡಿಯುತ್ತವೆ. ಕನ್ನಡದ ಕಾಗುಣಿತ, ಒತ್ತು ಜೋಡಿಸಿಕೊಡುವ ವ್ಯವಸ್ಥೆ ಅದರೊಳಗೆ ಇಲ್ಲ. ಅಕ್ಷರ ಒಂದೊಂದೂ ನಾನೇ ಬಿಡಿಸಿದ್ದು.

ಗದಗ_ಡಿಟಿಪಿ

ಬಿಡಿಸಿದ್ದು ಗೊತ್ತಾಗುತ್ತದೆ, ಶ್ರಮಕ್ಕೆ ಬೆಲೆ ಇದ್ದೇ ಇದೆ. ನನ್ನ ಸಲಹೆ ಕೇಳಿ. ಒಂದು ಸಾಲಿಗೆ ಎರಡು ಟೈಲ್ ಎತ್ತರ ಕೊಡಿ, 16 ಪಿಕ್ಸೆಲ್. ಮೇಲಿನ ಹತ್ತು ಅಕ್ಷರಕ್ಕೆ, ಕೆಳಗಿನ ಆರು ಒತ್ತಿಗೆ. ಒತ್ತು ಇಲ್ಲದ ಕಡೆ ಖಾಲಿ ಬಿಟ್ಟರೆ ಸಾಲುಗಳ ನಡುವೆ ಉಸಿರಾಡಲು ಜಾಗ ಸಿಗುತ್ತದೆ. ಎಲ್ಲ ಮಾತನ್ನೂ ಕನ್ನಡದಲ್ಲಿ ಹಾಕುವ ಹಟ ಬೇಡ. ಊರಿನ ಬೋರ್ಡ್, ಟಿಕೆಟ್ ಮೇಲಿನ ಅಕ್ಷರ, ಪ್ಯಾಸೆಂಜರ್ ಕೂಗು, ಇಷ್ಟನ್ನು ಚಿತ್ರವಾಗಿಯೇ ಬಿಡಿಸಿ ಹಾಕಿ. ಹೇಗೂ ಇಲ್ಲಿಯವರು ಮಾತು ಕಡಿಮೆ ಮಾಡಿ ಅನ್ನುತ್ತಿದ್ದಾರೆ, ಕೆಲಸವೂ ಕಡಿಮೆ ಆಗುತ್ತದೆ. ಬೇಕಿದ್ದರೆ ಬೋರ್ಡ್‌ಗಳನ್ನು ನಾನು ಚೌಕದ ಹಾಳೆ ಮೇಲೆ ಬಿಡಿಸಿ ಕಳಿಸುತ್ತೇನೆ. ದುಡ್ಡು ಬೇಡ, ಹೆಸರು ಹಾಕಿದರೆ ಸಾಕು.

ಚಿಲ್ಲರೆ_ಡೆವ್

ಖಂಡಿತ ಕಳಿಸಿ ಸರ್. ಮೆಸೇಜ್ ಮಾಡಿದ್ದೇನೆ.

ಕಂಡಕ್ಟರ್_ಮಗಳು

ನಮ್ಮಪ್ಪ ಇದೇ ಪಿ.ಬಿ. ರಸ್ತೆಯ ಮೇಲೆ ಕಂಡಕ್ಟರ್ ಆಗಿದ್ದವರು. ಈಗ ರಿಟೈರ್ ಆಗಿದ್ದಾರೆ. ಗೇಮ್ ಅವರ ಕೈಗೆ ಕೊಟ್ಟೆ. ಬಟನ್ ಒತ್ತಲು ಬರಲಿಲ್ಲ. ನಾನು ಆಡಿದೆ, ಅವರು ಪಕ್ಕದಲ್ಲಿ ಕೂತು ಬೈದರು. ಬೈದದ್ದನ್ನೆಲ್ಲ ಬರೆದುಕೊಂಡಿದ್ದೇನೆ.

ಒಂದು, ನಿಮ್ಮ ಕಂಡಕ್ಟರ್ ಖಾಲಿ ಚೀಲದಿಂದ ಟ್ರಿಪ್ ಶುರು ಮಾಡುತ್ತಾನೆ. ಹಾಗೆ ಯಾರೂ ಹೋಗುವುದಿಲ್ಲವಂತೆ. ಬೆಳಗಿನ ಮೊದಲ ಟ್ರಿಪ್‌ಗೆ ಚಿಲ್ಲರೆ ಹೊಂದಿಸುವುದೇ ಅರ್ಧ ಡ್ಯೂಟಿ. ಬಸ್‌ಸ್ಟ್ಯಾಂಡ್ ಕ್ಯಾಂಟೀನಿನವರು, ಹೂವಿನವರು, ಎಲೆ ಅಡಿಕೆಯವರು, ಇವರ ಹತ್ತಿರ ನೋಟು ಕೊಟ್ಟು ನಾಣ್ಯ ತಗೊಳ್ಳುವುದು. ಇದನ್ನು ಆಟದೊಳಗೆ ಹಾಕಿ ಅಣ್ಣಾ. ಹೊರಡಲು ಟೈಮ್ ಆಗುತ್ತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ನೀವು ಇನ್ನೂ ಹೂವಿನವರ ಮುಂದೆ ನಿಂತಿದ್ದೀರಿ. ಚಹಾದಂಗಡಿಯವನ ಜತೆ ಬರೀ ಮಾತಾಡಿಸುವುದರ ಬದಲು ಅವನಿಂದ ಚಿಲ್ಲರೆ ಇಸಿದುಕೊಳ್ಳಲಿ. ಕಥೆಯೂ ಉಳಿಯುತ್ತದೆ.

ಬಾಕಿ ಬರೆದದ್ದನ್ನು ತೀರಿಸಿದ ಮೇಲೆ ಟಿಕೆಟ್ ಹಿಂದಿನ ಅಂಕಿ ಮೇಲೆ ಗೆರೆ ಹೊಡೆಯಬೇಕು. ನಿಮ್ಮಲ್ಲಿ ಅದಿಲ್ಲ. ಗೆರೆ ಹೊಡೆಯದಿದ್ದರೆ ಅದೇ ಟಿಕೆಟ್ ತೋರಿಸಿ ಇನ್ನೊಮ್ಮೆ ಕೇಳುವವರು ಇದ್ದರಂತೆ. ಹೇಳುವಾಗ ಅಪ್ಪನಿಗೆ ಈಗಲೂ ಸಿಟ್ಟು.

ಆಮೇಲೆ ಲೈನ್ ಚೆಕಿಂಗ್. ನಿಮ್ಮ ಚೆಕಿಂಗ್‌ನವನು ದುಡ್ಡು ಕಡಿಮೆ ಇದ್ದರೆ ಮಾತ್ರ ಹಿಡಿಯುತ್ತಾನೆ. ಜಾಸ್ತಿ ಇದ್ದರೂ ಕೇಸೇ. ವೇ ಬಿಲ್‌ಗೆ, ಅಂದರೆ ಕೊಟ್ಟ ಟಿಕೆಟ್‌ಗಳ ಲೆಕ್ಕದ ಹಾಳೆಗೆ, ಚೀಲ ತಾಳೆ ಆಗಬೇಕು. ನಾನು ಆಡುವಾಗ ಎಲ್ಲರಿಗೂ ನಾಲ್ಕಾಣೆ, ಎಂಟಾಣೆ ಕಡಿಮೆ ಕೊಟ್ಟು ಆರಾಮಾಗಿ ಗೆದ್ದೆ. ಅಪ್ಪ ನೋಡಿ, ‘ಇದೇನ ಆಟವಾ? ಇಂವಾ ಕಳ್ಳ ಅದಾನ’ ಅಂದರು.

ಮಾಳಮಡ್ಡಿ_ಪ್ಲೇಯರ್

ಅಕ್ಕಾ, ಈ ಚೆಕಿಂಗ್ ಮಾತು ಗೇಮಿನ ಅರ್ಧ ಸಮಸ್ಯೆ ಬಿಡಿಸುತ್ತದೆ. ಈಗ ಕಡಿಮೆ ಕೊಟ್ಟವನಿಗೆ ಜಗಳದ ಭಯ ಒಂದೇ. ಸುಮ್ಮನಿರುವ ಪ್ಯಾಸೆಂಜರ್‌ಗೆ ಮೋಸ ಮಾಡಿದರೆ ಏನೂ ಆಗುವುದಿಲ್ಲ. ಜಾಸ್ತಿ ಇದ್ದರೂ ಸಿಕ್ಕಿಬೀಳುತ್ತಾನೆ ಅಂದರೆ ಬಾಕಿ ಬರೆದ ಒಂದೊಂದು ಟಿಕೆಟ್ ಕೂಡ ಚೀಲದಲ್ಲಿ ಭಾರವೇ. ಡೆವ್ ಸರ್, ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಹಾವೇರಿ_ಹ್ಯಾಂಡ್‌ಹೆಲ್ಡ್

ಶಕ್ತಿ ಯೋಜನೆ ಯಾಕಿಲ್ಲ? ಹೆಣ್ಣುಮಕ್ಕಳಿಗೆ ಝೀರೋ ಟಿಕೆಟ್ ಹಾಕಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸೂ ಹಾಕಿ.

ಉಣಕಲ್_ಕ್ರಾಸ್

ಶಕ್ತಿ ಬಂದದ್ದು 2023ರ ಜೂನ್‌ನಲ್ಲಿ, ಚಿಗರಿ 2018ರಲ್ಲಿ. ಗೇಮ್ ನಡೆಯುವುದು 90ರ ದಶಕದಲ್ಲಿ. ಚಿಗರಿಯಲ್ಲಿ ಟಿಕೆಟ್ ಸ್ಟೇಷನ್ನಿನಲ್ಲೇ ತಗೊಂಡು ಹತ್ತುತ್ತೀರಿ, ಕಂಡಕ್ಟರ್ ಗೇಮ್ ಎಲ್ಲಿ ಉಳಿಯಿತು?

ಹಾವೇರಿ_ಹ್ಯಾಂಡ್‌ಹೆಲ್ಡ್

ಸರಿ ಬಿಡ್ರಿ. ನನ್ನ ನಿಜವಾದ ಗೋಳು ಬೇರೆ. ಕೊಳ್ಳಲಿಕ್ಕೇ ಆಗುತ್ತಿಲ್ಲ. ನನ್ನ ಹತ್ತಿರ ಇರುವುದು ಡೆಬಿಟ್ ಕಾರ್ಡ್, ಹೊರದೇಶದ ಪಾವತಿ ಬಂದ್ ಇದೆ. ಯುಪಿಐ ಆಯ್ಕೆ ನನಗೆ ಕಾಣಲಿಲ್ಲ. ನೀವು ಧಾರವಾಡ, ನಾನು ಹಾವೇರಿ. ನಡುವೆ ಡಾಲರ್ ಯಾಕೆ ಬೇಕು?

ಚಿಲ್ಲರೆ_ಡೆವ್

ಪೇಪಾಲ್ ಮೂಲಕ ಮಾಡೋಣ ಅಂದರೆ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿಯನ್ನು ಅವರೇ ನಿಲ್ಲಿಸಿದ್ದಾರೆ. ಹೊರಗಿನವರು ನನಗೆ ಕಳಿಸಬಹುದು, ನೀವು ಕಳಿಸಲು ಆಗುವುದಿಲ್ಲ.

ಹೆಕ್ಸ್_ಮಿರ್ಚಿ

ಇಚ್‌ನಲ್ಲಿ ಡೌನ್‌ಲೋಡ್ ಕೀ ಮಾಡಿಕೊಡುವ ಸೌಲಭ್ಯ ಇದೆ. ಇಲ್ಲಿಯವರಿಂದ ಯುಪಿಐನಲ್ಲಿ ದುಡ್ಡು ತಗೊಂಡು ಒಂದೊಂದು ಕೀ ಕಳಿಸಿ. ರಶೀದಿ, ಟ್ಯಾಕ್ಸ್ ವಿಷಯ ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಹಾವೇರಿ_ಹ್ಯಾಂಡ್‌ಹೆಲ್ಡ್

ಹಾಗೆ ಮಾಡಿದರೆ ಇವತ್ತೇ ತಗೊಳ್ಳುತ್ತೇನೆ. ಕಾರ್ಟ್ರಿಜ್ ಮಾಡುತ್ತೀರಾ? ಡಬ್ಬಿ ಸಮೇತ ಶೆಲ್ಫಿನಲ್ಲಿ ಇಡುವ ಆಸೆ.

ಹೆಕ್ಸ್_ಮಿರ್ಚಿ

ಮಾಡಿದರೆ ಎರಡು ನೆನಪಿಡಿ. ಡಬ್ಬಿ ಮೇಲೆ ಗೇಮ್ ಬಾಯ್ ಮಾಡಿದ ಜಪಾನಿ ಕಂಪನಿಯ ಹೆಸರು, ಲೋಗೋ ಹಾಕಬೇಡಿ. ಇನ್ನೊಂದು ಸೇವ್. ನಿಮ್ಮದು ಡಿಪೋದಲ್ಲಿ ಮಾತ್ರ ಸೇವ್ ಆಗುತ್ತದೆ. ಎಮ್ಯುಲೇಟರ್‌ನವರು ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಿಕೊಳ್ಳುತ್ತಾರೆ. ಹಳೇ ಮಷೀನಿನವರಿಗೆ ಆ ಸೌಕರ್ಯ ಇಲ್ಲ. ಪೆನ್ಸಿಲ್ ಸೆಲ್ ಮುಗಿದರೆ ದಿನದ ಡ್ಯೂಟಿ ಪೂರ್ತಿ ಹೋಯಿತು. ಪ್ರತಿ ಸ್ಟೇಜಿಗೂ ತಾನಾಗೇ ಸೇವ್ ಆಗಲಿ.

ಮಾಳಮಡ್ಡಿ_ಪ್ಲೇಯರ್

ಇದಕ್ಕೆ ನನ್ನದೂ ಒಂದು ವೋಟು. ಕೈಯಲ್ಲಿ ಹಿಡಿದು ಆಡುವ ಗೇಮನ್ನು ಇಳಿಯುವ ಸ್ಟಾಪ್ ಬಂದಾಗ ನಿಲ್ಲಿಸಲು ಬರಬೇಕು. ಬಸ್ಸಿನಲ್ಲಿ ಕೂತು ಬಸ್ಸಿನ ಗೇಮ್ ಆಡಿ, ಸೇವ್ ಆಗುವುದನ್ನು ಕಾಯುತ್ತಾ ಜ್ಯುಬಿಲಿ ಸರ್ಕಲ್ ದಾಟಿ ಹೋದರೆ ಯಾರನ್ನು ಬೈಯಲಿ?

ಶಬ್ದದ ಬಗ್ಗೆ ಯಾರೂ ಹೇಳಿಲ್ಲ. ಶೀಟಿ ಊದಿದಾಗಲೆಲ್ಲ ಹಾಡಿನ ಮುಖ್ಯ ರಾಗವೇ ಕಟ್ ಆಗುತ್ತದೆ. ಇರುವುದು ನಾಲ್ಕೇ ಚಾನೆಲ್, ಗೊತ್ತು. ರಾಗವನ್ನು ಎರಡನೇ ಪಲ್ಸ್ ಚಾನೆಲ್‌ಗೆ ಹಾಕಿ, ಶೀಟಿಗೆ ಮೊದಲನೆಯದನ್ನು ಬಿಟ್ಟುಕೊಡಿ. ಇಂಜಿನ್ ಗುರ್‌ಗುರ್ ನಾಯ್ಸ್ ಚಾನೆಲ್‌ನಲ್ಲಿ ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡಿ.

ಸಾಧನಕೇರಿ_77

ಎರಡು ತಾಸಿನ ಗೇಮ್‌ಗೆ ಮೂರು ಡಾಲರ್ ಜಾಸ್ತಿ ಆಯಿತು. ಫೋನ್‌ನಲ್ಲಿ ಫ್ರೀಯಾಗಿ ಎಷ್ಟೋ ಸಿಗುತ್ತವೆ.

ಕಂಡಕ್ಟರ್_ಮಗಳು

ಆ ಫ್ರೀ ಗೇಮ್‌ಗಳಲ್ಲಿ ಭೈರಿದೇವರಕೊಪ್ಪ ಸ್ಟಾಪ್ ಇದೆಯಾ?

ಸಾಧನಕೇರಿ_77

ಇಲ್ಲ. ಆದರೂ ಜಾಸ್ತಿ.

ಚಿಲ್ಲರೆ_ಡೆವ್

ಹೊಸ ಫೈಲ್ ಹಾಕಿದ್ದೇನೆ. ಕೊಂಡವರಿಗೆಲ್ಲ ಪುಕ್ಕಟೆ. ಮೊದಲ ಎರಡು ದಿನದ ಕಥೆಯಲ್ಲಿ ಮುಕ್ಕಾಲು ಭಾಗ ತೆಗೆದಿದ್ದೇನೆ, ಹೆಂಡತಿಯ ಮಾತು ಮಾತ್ರ ಉಳಿಸಿದೆ. ಅದಕ್ಕೆ ಜಗಳ ಆಡಬೇಡಿ. ಆಟ ಈಗ ಚಿಲ್ಲರೆ ಹೊಂದಿಸುವುದರಿಂದಲೇ ಶುರು. ಹೂವಿನವರು ಐದರ ನೋಟಿಗೆ ನಾಣ್ಯ ಕೊಡುತ್ತಾರೆ, ಆದರೆ ಒಂದು ಮೊಳ ಮಲ್ಲಿಗೆ ಕೊಂಡರೆ ಮಾತ್ರ. ನಾಣ್ಯಕ್ಕೆ ಆಕಾರ ಬಂದಿದೆ. ರೂಪಾಯಿ, ಪೈಸೆ ಬೇರೆ ಮಾಡಿದ್ದೇನೆ, 20 ಪೈಸೆ ಉಳಿಯಿತು. ಕೂತವರೆಲ್ಲ ಹಿನ್ನೆಲೆಗೆ ಹೋಗಿದ್ದಾರೆ. ಸ್ಟೇಜಿಗೊಮ್ಮೆ ಸೇವ್ ಆಗುತ್ತದೆ. ಗದಗ ಸರ್ ಬಿಡಿಸಿದ ಬೋರ್ಡ್‌ಗಳು ಬಂದಿವೆ, ‘ಹುಬ್ಬಳ್ಳಿ’ ನೋಡಿ ಹೇಳಿ.

ಚೆಕಿಂಗ್ ಮಾತ್ರ ಇನ್ನೂ ಅರ್ಧ ಆಗಿದೆ. ಜಾಸ್ತಿ ಇದ್ದರೆ ಹಿಡಿಯುತ್ತಾನೆ, ಆದರೆ ಬಾಕಿ ಬರೆದ ಟಿಕೆಟ್‌ಗಳನ್ನು ಲೆಕ್ಕದಿಂದ ಕಳೆಯುತ್ತಿಲ್ಲ. ಅಂದರೆ ಪ್ರಾಮಾಣಿಕ ಕಂಡಕ್ಟರ್ ಕೂಡ ಸಿಕ್ಕಿಬೀಳಬಹುದು.

ಕಂಡಕ್ಟರ್_ಮಗಳು

ಅಪ್ಪ ಕೇಳಿ, ‘ಹಂಗ ಇರಲಿ, ಬರೋಬ್ಬರಿ ಅದ’ ಅಂದರು.

ಹೆಕ್ಸ್_ಮಿರ್ಚಿ

ಎಲ್ಲರಿಗೂ ಒಂದು ಮಾತು. ಹಳೇ ಸೇವ್‌ನಿಂದ ಮುಂದುವರಿಸಬೇಡಿ. ವೇರಿಯಬಲ್ ಬದಲಾಗಿರುವುದರಿಂದ ಚೀಲದ ಲೆಕ್ಕ ಹುಚ್ಚುಚ್ಚಾಗಿ ಬರುತ್ತಿದೆ. ನನ್ನದರಲ್ಲಿ ಒಂದು ಟಿಕೆಟ್‌ಗೆ ಸಾವಿರಗಟ್ಟಲೆ ರೂಪಾಯಿ ತೋರಿಸಿತು. ಹೊಸ ಆಟ ಅಂತ ಒತ್ತಿ, ಮೊದಲಿಂದ ಶುರು ಮಾಡಿ.